ನಾಲ್ವರು ಕೂಡಿ ಹೇಳುತ್ತಿದ್ದ ಒಂದು ಶಬ್ದ

2012ರ ಆಗಸ್ಟ್ ತಿಂಗಳಲ್ಲಿ ವಾಳೂಜ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸಾಬಣ್ಣ ಎಂಬ ಗುತ್ತಿಗೆ ಕೆಲಸಗಾರನ ಬಲಗೈಯ ಮೂರು ಬೆರಳುಗಳು ಪ್ರೆಸ್ ಯಂತ್ರಕ್ಕೆ ಸಿಕ್ಕಿ ತುಂಡಾದವು. ಆಗಿನ ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರದ ಒಂದು ಮರಾಠಿ ದಿನಪತ್ರಿಕೆಯಲ್ಲಿ ಮರುದಿನ ಅದು ನಾಲ್ಕು ಸಾಲಿನ ಸುದ್ದಿಯಾಗಿ ಬಂತು. ಆ ನಾಲ್ಕು ಸಾಲು ಬರೆದವಳು ನಾನು.

ಇದನ್ನು ಇಷ್ಟು ವರ್ಷಗಳ ಮೇಲೆ ನಿಮ್ಮ ಮುಂದೆ ಹೇಳುವುದಕ್ಕೆ ಒಂದು ಬಿಸ್ಕತ್ತಿನ ಡಬ್ಬಿ ಕಾರಣ. ಕಳೆದ ತಿಂಗಳು ನಾಸಿಕದಲ್ಲಿ ತಮ್ಮನ ಮನೆಗೆ ಹೋಗಿದ್ದೆ. ಯಾರೋ ವಿದೇಶದಿಂದ ತಂದುಕೊಟ್ಟಿದ್ದ ಬೆಣ್ಣೆ ಬಿಸ್ಕತ್ತು, ದುಂಡನೆಯ ತಗಡಿನ ಡಬ್ಬಿ. ಅದರ ತಳದಲ್ಲಿ ಹಿಟ್ಟು, ಸಕ್ಕರೆ ಮುಂತಾದವುಗಳ ಪಟ್ಟಿ ಡೇನಿಶ್ ಭಾಷೆಯಲ್ಲಿತ್ತು. ತಮ್ಮನ ಮಗಳು ಕೆನೆ ತೆಗೆದ ಹಾಲಿನ ಪುಡಿ ಎಂಬ ಅರ್ಥದ ಒಂದು ಉದ್ದನೆಯ ಶಬ್ದದ ಮೇಲೆ ಬೆರಳಿಟ್ಟು, ಮುರಿದು ಮುರಿದು ಓದಿದಳು: "ಸ್ಕುಮ್... ಮೆಟ್... ಮೆಲ್ಕ್ಸ್... ಪುಲ್ವರ್." ಡೇನಿಶರು ಅದನ್ನು ಹಾಗೆ ಹೇಳುವುದಿಲ್ಲ. ನಡುವಿನ ಟಕಾರ ಅವರ ಬಾಯಲ್ಲಿ ದಕಾರಕ್ಕಿಂತ ಮೆತ್ತಗಾಗುತ್ತದೆ, ಕೊನೆಯ ರಕಾರ ಗಂಟಲಿನಿಂದ ಹೊರಗೇ ಬರುವುದಿಲ್ಲ. ಅದನ್ನು ಹೇಳಲು ನನ್ನ ಬಾಯಿ ತೆರೆಯಿತು. ಕೂಡಲೇ ಮುಚ್ಚಿಕೊಂಡೆ. "ಏನತ್ಯಾ?" ಎಂದಳು ಹುಡುಗಿ. "ಏನಿಲ್ಲ, ಛಲೋ ಓದಿದಿ" ಎಂದೆ.

ಡೇನಿಶ್ ನನಗೆ ಬರುತ್ತದೆ ಎಂದು ತಿಳಿಯಬೇಡಿ. ಆ ಭಾಷೆಯ ಎಂಟೋ ಹತ್ತೋ ಶಬ್ದಗಳು ಗೊತ್ತು. ಅವೆಲ್ಲ ಯಂತ್ರದ ಮೇಲೆ ಬರೆಯುವಂಥವು. ನಮ್ಮ ಸಮಾಸಗಳ ಹಾಗೆ ಅವರೂ ಶಬ್ದಕ್ಕೆ ಶಬ್ದ ಜೋಡಿಸುತ್ತ ಹೋಗುತ್ತಾರೆ. ಜೋಡಿಸುವ ಕಡೆ ಹಲವು ಸಲ ಒಂದು ಸಕಾರವನ್ನು ಬೆಸುಗೆಯಂತೆ ಹಾಕುತ್ತಾರೆ. ಬೆಸುಗೆ ಎಲ್ಲಿದೆ ಎಂದು ಗೊತ್ತಾದರೆ ಎಷ್ಟು ಉದ್ದದ ಶಬ್ದವನ್ನೂ ಬಿಡಿಸಬಹುದು. ಗೊತ್ತಾಗದಿದ್ದರೆ ಬೇಡದ ಕಡೆ ಉಸಿರು ತೆಗೆದುಕೊಳ್ಳುತ್ತೇವೆ. ಇಷ್ಟು ಜ್ಞಾನ ನನಗೆ ಬಂದದ್ದು ಆ ವಾಳೂಜ್ ಕಾರ್ಖಾನೆಯಲ್ಲಿ, ಆ ವರ್ಷದ ಮೇ ತಿಂಗಳಲ್ಲಿ.

ಡೆನ್ಮಾರ್ಕಿನವರ ಬಂಡವಾಳದ ಸಣ್ಣ ಕಾರ್ಖಾನೆ ಅದು. ನೀರೆತ್ತುವ ಪಂಪುಗಳ ಹೊರಕವಚವನ್ನು ತಗಡಿನಿಂದ ಒತ್ತಿ ಮಾಡುತ್ತಿದ್ದರು. ಒತ್ತುವ ಪ್ರೆಸ್ ಅಲ್ಲಿಂದಲೇ ಬಂದ ಹಳೆಯ ಯಂತ್ರ. ಅದರ ಮೈಮೇಲಿನ ಹಿತ್ತಾಳೆ ಫಲಕಗಳಲ್ಲಿ ಡೇನಿಶ್ ಬಿಟ್ಟು ಬೇರೆ ಅಕ್ಷರವಿರಲಿಲ್ಲ. "ಅಲ್ಲಿ ಕೆಲಸಗಾರರು ಡೇನಿಶ್‌ನಲ್ಲಿ ಹಾಡುತ್ತಾರಂತೆ, ನಿನ್ನ ಕಡೆಯವರೇ, ಹೋಗಿ ನೋಡು" ಎಂದು ಪುರವಣಿಯ ಸಂಪಾದಕರು ನನ್ನನ್ನು ಕಳಿಸಿದರು. ಭಾನುವಾರದ ಪುರವಣಿಗೆ ನಗೆಯ ಲೇಖನವೊಂದು ಬೇಕಾಗಿತ್ತು.

ನಾನು ಹೋದಾಗ ಪ್ರೆಸ್ಸಿನ ಸುತ್ತ ನಾಲ್ವರಿದ್ದರು. ಮುಂದೆ ಎರಡು ಗುಂಡಿಗಳ ಮೇಲೆ ಎರಡು ಕೈ ಇಟ್ಟುಕೊಂಡು ನಿಂತವರು ಈರಣ್ಣ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಐವತ್ತರ ಹತ್ತಿರ ವಯಸ್ಸು, ಐಟಿಐ ಫಿಟರ್. ಎಡಕ್ಕೊಬ್ಬ, ಬಲಕ್ಕೊಬ್ಬ. ಯಂತ್ರದ ಹಿಂದೆ, ಮುಂದಿನವರಿಗೆ ಕಾಣದ ಕಡೆ, ಸಾಬಣ್ಣ. ಮೂವರು ತಗಡನ್ನು ಒಳಗೆ ಕೂರಿಸಿ, ಕೈಗಳನ್ನು ಭುಜದವರೆಗೆ ಎತ್ತಿ, ಒಬ್ಬರಾದ ಮೇಲೆ ಒಬ್ಬರು ಕೂಗುತ್ತಿದ್ದರು. ಎಡದವನು "ಸಿಕ್ಕರ್!" ಬಲದವನು "ಹೆಡ್ಸಾಫ್!" ಹಿಂದಿನಿಂದ ಸಾಬಣ್ಣ "ಸ್ಕಾರ್ಮ್!" ಕೊನೆಗೆ ಈರಣ್ಣ "ನಿಂಗ್!" ಎಂದು ಗುಂಡಿ ಒತ್ತುತ್ತಿದ್ದರು. ಪ್ರೆಸ್ ಕೆಳಗಿಳಿಯುತ್ತಿತ್ತು. ಮತ್ತೆ ತಗಡು, ಮತ್ತೆ ಕೂಗು.

ನಾನು ಮರಾಠಿಯಲ್ಲಿ ಏನೋ ಕೇಳುತ್ತಿದ್ದೆ. ಹಿಂದಿನಿಂದ ಸಾಬಣ್ಣನ ದನಿ ಬಂತು: "ಆ ಅಕ್ಕನ ಚಪ್ಪಲಿ ನೋಡ್ರೋ, ಹಿಮ್ಮಡ ನಮ್ ಪ್ರೆಸ್ಸಿಗಿಂತ ಎತ್ತರ ಅದ. ಬಿದ್ದಗಿದ್ದಾಳು, ಹಿಡೀರಿ."

"ಬೀಳಂಗಿಲ್ರಿ, ರೂಢಿ ಅದ" ಎಂದೆ.

ಯಂತ್ರ ನಿಂತಿತು. ಯಂತ್ರದ ಬದಿಯಿಂದ ಒಂದು ಮುಖ ಇಣುಕಿತು. "ಯಪ್ಪಾ, ಕನ್ನಡದಾವರ ಅದಾರ! ಅಕ್ಕಾರ, ನಾ ಏನೂ ಅಂದಿಲ್ರಿ, ಈ ಈರಣ್ಣ ಕಾಕಾನ ಅಂದಿದ್ದು."

"ನನ್ನ ಹೆಸರ ಯಾಕ ತರ್ತಿಯೋ ಭಾಡ್ಕೋ" ಎಂದು ಈರಣ್ಣ ನಕ್ಕರು. ನನ್ನ ಕಡೆ ತಿರುಗಿ "ಯಾವೂರ ತಂಗಿ?" ಎಂದರು. ಅಪ್ಪ ಧಾರವಾಡದವರು, ನಾಸಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿದ್ದರು, ನಾನು ಬೆಳೆದದ್ದೆಲ್ಲ ಅಲ್ಲಿನ ಕಾಲೊನಿಯಲ್ಲಿ ಎಂದು ಹೇಳಿದೆ. "ಅಂದ್ರ ನೀವೂ ನಮ್ಹಂಗ ಹೊರಗಿನಾವ್ರ ಬಿಡ್ರಿ" ಎಂದು ಚಹಾ ತರಿಸಿದರು.

ಆ ನಾಲ್ಕು ಕೂಗು ಕೂಡಿದರೆ ಫಲಕದ ಮೇಲಿನ ಒಂದೇ ಶಬ್ದ. ಅದರ ಅರ್ಥ ರಕ್ಷಣೆಯ ತಡೆ, ಅಂದರೆ ಯಂತ್ರದ ಬಾಯಿಗೆ ಹಾಕುವ ಜಾಲರಿ. ಹಿತ್ತಾಳೆ ಫಲಕದ ಪಕ್ಕದಲ್ಲೇ ಕಬ್ಬಿಣದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಆ ಶಬ್ದವನ್ನು ಕನ್ನಡದಲ್ಲಿ ಬರೆದು, ಅದರ ಮೇಲೆ ಲಘು ಗುರು ಹಾಕಿತ್ತು. ನಾನು ಬೆರಗಾದೆ. ಹತ್ತನೆಯ ತರಗತಿಯಲ್ಲಿ ಪ್ರಸ್ತಾರ ಹಾಕಿ ಬೈಸಿಕೊಂಡವರು ನಿಮ್ಮಲ್ಲಿಯೂ ಇರಬಹುದು. ಆ ವಿದ್ಯೆ ವಾಳೂಜ್‌ನಲ್ಲಿ ಬಳಕೆಯಲ್ಲಿರುವುದನ್ನು ನಾನು ಎಣಿಸಿರಲಿಲ್ಲ.

"ಇದನ್ನ ಓದೂದು ಹ್ಯಾಂಗ ಅಂತ ಯಾರಿಗೂ ಗೊತ್ತಿದ್ದಿಲ್ರಿ" ಎಂದರು ಈರಣ್ಣ. "ನಮ್ಮ ಮಾಸ್ತರು ಹೇಳ್ತಿದ್ರು, ಬಾಯಿ ತಿರುಗದ ಶಬ್ದಕ್ಕ ಮೊದಲ ಗುರು ಲಘು ಹಚ್ಚು, ತಾನ ಬಾಗ್ತದ ಅಂತ. ಹಚ್ಚಿ ನೋಡಿದೆ. ಎಲ್ಲಾ ಗುರುನ ಅದಾವ! ಒಂದ್ ಲಘು ಇಲ್ಲ. ಆ ದೇಶದಾಗ ಹಗರ ಅನ್ನೂದ ಇಲ್ಲೇನೋ."

ಅವರ ತಂದೆ ಕಟ್ಟಡ ಕೆಲಸಕ್ಕೆ ಈ ಕಡೆ ಬಂದವರು. ಭಾರದ ತೊಲೆ ಎಳೆಯುವಾಗ ಒಬ್ಬ ಕೂಗಿ, ಉಳಿದವರು ದನಿಗೂಡಿಸಿ, ಕೂಗಿನ ಕೊನೆಗೆ ಎಲ್ಲರೂ ಕೈಹಾಕುವುದು ಅವರ ರೂಢಿ. ಈರಣ್ಣ ಅದನ್ನು ಪ್ರೆಸ್ಸಿಗೆ ತಂದಿದ್ದರು. ತೊಲೆಯ ಕಡೆ ಕೂಗು ಮುಗಿದಾಗ ಕೈ ಒಳಗೆ ಬರುತ್ತದೆ. ಇಲ್ಲಿ ಕೂಗು ಮುಗಿಯುವುದರೊಳಗೆ ಕೈ ಹೊರಗಿರಬೇಕು. ಅಷ್ಟೇ ಬದಲಾವಣೆ.

ಮುಂದೆ ಅವರು ಹೇಳಿದ್ದನ್ನು ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ. ಈಗಲೂ ಇದೆ. ಇದ್ದ ಹಾಗೆಯೇ ಕೊಡುತ್ತೇನೆ: "ಮೊದಲ ಇಲ್ಲಿ ಜಾಳಿ ಇತ್ತು. ತಗಡ ಹಾಕಾಕ ತಡಾ ಆಗ್ತದಂತ ಬಿಚ್ಚಿ ಗೋಡೌನಿನ್ಯಾಗ ಒಗದಾರ. ಎರಡು ಗುಂಡಿ ಇರೂದು ನನ್ನ ಕೈ ಉಳಸಾಕ. ಉಳದ ಮೂರು ಮಂದಿ ಕೈಗೆ ಏನದ? ಹಿಂದ ನಿಂತಾವ ನನಗ ಕಾಣಂಗಿಲ್ಲ. ಅವನ ದನಿ ಬಂದ್ರ ಕೈ ಹೊರಗ ಅದಾವ ಅಂತ ಲೆಕ್ಕ. ಶಬ್ದ ಪೂರ್ತಿ ಆಗಲಿಲ್ಲಂದ್ರ ನಾ ಒತ್ತಂಗಿಲ್ಲ. ಈ ಕೂಗ ನಮ್ಮ ಜಾಳಿ."

ಆ ಸಂಜೆ ಕಾರ್ಖಾನೆಗೆ ಬಂದಿದ್ದ ಡೇನಿಶ್ ಎಂಜಿನಿಯರ್ ಒಬ್ಬರನ್ನು ಹೋಟೆಲಿನಲ್ಲಿ ಕಂಡೆ. ಒಳ್ಳೆಯ ಮನುಷ್ಯ. ತಮ್ಮ ಭಾಷೆಯಲ್ಲಿ ಬರೆಯುವುದು ಒಂದು, ಬಾಯಿಗೆ ಬರುವುದು ಇನ್ನೊಂದು ಎಂದು ನಗುತ್ತ, ಆ ಶಬ್ದವನ್ನು ನಾಲ್ಕು ಸಲ ಹೇಳಿ ತೋರಿಸಿದರು. ನನ್ನ ಕಿವಿಗೆ ಅದು "ಸೆಗ್ಗಹೆದ್ಸ್" ಎಂದು ಒಂದು ಉಸಿರು, "ಅವ್‌ಸ್ಗೇರ್ಮ್ನಿಂಗ್" ಎಂದು ಇನ್ನೊಂದು ಉಸಿರು. ಬೆಸುಗೆಯ ಸಕಾರ ಮೊದಲ ಭಾಗಕ್ಕೆ ಸೇರಿದ್ದು. ಈರಣ್ಣ ಅದನ್ನು ಎರಡನೆಯ ಭಾಗದ ಮೊದಲ ಸ್ವರಕ್ಕೆ ಅಂಟಿಸಿ 'ಹೆಡ್ಸಾಫ್' ಎಂಬ ಇಲ್ಲದ ತುಂಡೊಂದನ್ನು ಮಾಡಿದ್ದರು. ನನಗಾದ ಸಂತೋಷವನ್ನು ಏನು ಹೇಳಲಿ! ತಪ್ಪು ಹಿಡಿಯುವ ಸುಖ ನನಗೆ ಚಿಕ್ಕಂದಿನಿಂದ ಬಂದದ್ದು.

ಓಝರ್‌ನಲ್ಲಿ ನನ್ನ ಅವ್ವ ಭಾಜಿ ಮಾರುವವಳ ಜೊತೆ ಮರಾಠಿ ಮಾತಾಡುತ್ತಿದ್ದಳು. ಒಳ್ಳೆಯದು ಎಂಬುದಕ್ಕೆ 'ಚಾಂಗಲಾ' ಎನ್ನುತ್ತಿದ್ದಳು, ನಮ್ಮ ಚಕಾರದಲ್ಲಿ. ಮರಾಠಿಯವರು ಅಲ್ಲಿ ನಾಲಗೆಯನ್ನು ಹಲ್ಲಿಗೆ ಒತ್ತಿ 'ತ್ಸ' ಎನ್ನುತ್ತಾರೆ. ಏಳನೆಯ ತರಗತಿಯಲ್ಲಿದ್ದ ನಾನು ಒಂದು ದಿನ, ನಾಲ್ಕು ಹೆಂಗಸರ ಎದುರಿಗೆ, "ಅವ್ವಾ, ಚಾ ಅಲ್ಲ, ತ್ಸಾ, ಎಷ್ಟ ಸಲ ಹೇಳಬೇಕು" ಎಂದೆ. ಹೆಂಗಸರು ನಕ್ಕರು. ಆಮೇಲೆ ಅವ್ವ ಆ ಭಾಜಿ ಗಾಡಿಯ ಮುಂದೆ ಮಾತಾಡುವುದನ್ನೇ ಬಿಟ್ಟಳು. ಬೇಕಾದ ತರಕಾರಿಗೆ ಬೆರಳು ತೋರಿಸುತ್ತಿದ್ದಳು. ಅವಳು ಉಚ್ಚಾರ ತಿದ್ದಿಕೊಂಡಳೆಂದೇ ನಾನು ಬಹಳ ವರ್ಷ ನಂಬಿದ್ದೆ.

ಲೇಖನ ಭಾನುವಾರ ಬಂತು. ತಲೆಬರಹ 'ವಾಳೂಜ್‌ನಲ್ಲಿ ಡೇನಿಶ್ ಭಜನೆ'. ನಾಲ್ವರು ಗಂಡಸರು ಕೈಯೆತ್ತಿ ಕೂಗುವುದನ್ನು ಆರತಿಗೆ ಹೋಲಿಸಿದ್ದೆ. ಪಕ್ಕದ ಚೌಕದಲ್ಲಿ ಆ ಶಬ್ದದ ಸರಿಯಾದ ವಿಂಗಡಣೆ, ಸರಿಯಾದ ಉಚ್ಚಾರ, ಅವರು ತಪ್ಪಿದ ಜಾಗಕ್ಕೆ ಬಾಣದ ಗುರುತು. ಜಾಳಿ ಬಿಚ್ಚಿದ್ದನ್ನು ಬರೆಯಲಿಲ್ಲ. ಮರೆತದ್ದಲ್ಲ. ಅದನ್ನು ಒಂದು ಪ್ಯಾರಾ ಮಾಡಿ ಬರೆದು, ಓದಿ ನೋಡಿ, ನಗೆಯ ಹದ ಕೆಡುತ್ತದೆ ಎಂದು ನಾನೇ ತೆಗೆದುಹಾಕಿದೆ. ವರದಿಗಾರ್ತಿಯಾದವಳಿಗೆ ಆ ಪ್ಯಾರಾವೇ ಸುದ್ದಿ ಎಂದು ತಿಳಿಯದೆ ಇರಲಿಲ್ಲ.

ಸೋಮವಾರ ಕಾರ್ಖಾನೆಯ ಮ್ಯಾನೇಜರ್ ಫೋನ್ ಮಾಡಿ ಅಭಿನಂದಿಸಿದರು. ಮುಂದಿನ ತಿಂಗಳು ಡೆನ್ಮಾರ್ಕಿನಿಂದ ದೊಡ್ಡವರು ಬರುವವರಿದ್ದಾರೆ, ಅವರೆದುರು ಈ ತಮಾಷೆ ಬೇಡ ಎಂದು ಕೂಗುವುದನ್ನು ನಿಲ್ಲಿಸಿದ್ದೇವೆ ಎಂದರು. ನನ್ನ ಚೌಕವನ್ನು ದೊಡ್ಡದಾಗಿ ನಕಲು ತೆಗೆದು ಪ್ರೆಸ್ಸಿಗೆ ಅಂಟಿಸಿದ್ದರಂತೆ. ಪಾಳಿಯ ಆರಂಭದಲ್ಲಿ ಒಬ್ಬರು ಅದನ್ನು ನೋಡಿ ಒಮ್ಮೆ ಸರಿಯಾಗಿ ಓದಿದರೆ ಸಾಕು. ಈರಣ್ಣನನ್ನು ಪ್ರೆಸ್ಸಿನಿಂದ ತೆಗೆದು ಸಾಮಾನು ಇಡುವ ಸ್ಟೋರಿಗೆ ಹಾಕಿದ್ದರು. ನಾನು "ಥ್ಯಾಂಕ್ಯೂ ಸರ್" ಎಂದೆ.

ಆಗಸ್ಟಿನಲ್ಲಿ ಗುಂಡಿಗಳ ಮುಂದೆ ಬೇರೆಯವನಿದ್ದ. ಹಿಂದೆ ಸಾಬಣ್ಣ ಓರೆಯಾದ ತಗಡನ್ನು ನೇರ ಮಾಡುತ್ತಿದ್ದ. ಯಾರೂ ಕೂಗಲಿಲ್ಲ.

ಕಂಪನಿಯ ಟಿಪ್ಪಣಿ ಸಂಜೆ ಕಚೇರಿಗೆ ಬಂತು. ಹೆಸರು ಓದಿದೆ. ಯಾವ ಸಾಬಣ್ಣ ಎಂದು ಕೇಳಬೇಕಾದ ಅಗತ್ಯವಿರಲಿಲ್ಲ. ಕೆಲಸಗಾರನ ಅಜಾಗರೂಕತೆಯಿಂದ ಅಪಘಾತವಾಗಿದೆ ಎಂದು ಕಂಪನಿ ಹೇಳಿಕೊಂಡಿತ್ತು. ಪುಟದಲ್ಲಿ ಉಳಿದದ್ದು ನಾಲ್ಕು ಸಾಲಿನ ಜಾಗ. 'ಎಂದು ಕಂಪನಿ ತಿಳಿಸಿದೆ' ಎಂಬಷ್ಟು ಐದನೆಯ ಸಾಲಿಗೆ ಇಳಿಯುತ್ತಿತ್ತು. ತೆಗೆದೆ. ಹೀಗೆ ಕಂಪನಿಯ ಮಾತು ಪತ್ರಿಕೆಯ ಮಾತಾಯಿತು. ಹೊಸಬರಿಗೆ ಮೊದಲ ವಾರ ನಾನು ಕಲಿಸುವ ಪಾಠವೇ ಇದು: ಯಾರು ಹೇಳಿದರು ಎಂಬುದನ್ನು ಬಿಡಬಾರದು.

ಎರಡು ವಾರದ ಮೇಲೆ ಈರಣ್ಣ ಪತ್ರಿಕೆಯ ಕಚೇರಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ತಂಗಿ, ನಿಮ್ಮ ಪುಸ್ತಕದಾಗ ನಾ ಹೇಳಿದ್ದು ಅದಲ್ರಿ? ಜಾಳಿ ಇದ್ದಿದ್ದಿಲ್ಲ ಅನ್ನೂದು?"

"ಅದ."

"ಅದನ್ನ ಬರೀರಿ. ಬೇಕಂದ್ರ ನನ್ನ ಹೆಸರ ಹಾಕ್ರಿ, ನಂದೇನು, ಹೆಂಗೂ ಸ್ಟೋರಿನ್ಯಾಗ ಇದ್ದೀನಿ. ಸಾಬಂದು ತಪ್ಪಿಲ್ಲ ಅಂತ ಎಲ್ಲೆರ ಒಂದ ಕಡೆ ಇರಬೇಕು."

ನಾನು ಎದುರಿಗಿದ್ದ ಪ್ರೂಫ್ ಹಾಳೆಯನ್ನು ಮಗುಚಿಟ್ಟೆ.

"ನಾವು ಅನ್ನೂದು ತಪ್ಪಿತ್ತು. ಅದನ್ನ ನೀವು ಬರದದ್ದು ಖರೇನ ಅದ" ಎಂದರು ಮತ್ತೆ. "ಆದ್ರ ಇದೂ ಖರೇ ಅದಲ್ರಿ ತಂಗಿ."

"ನೋಡ್ತೀನ್ರಿ" ಎಂದೆ.

ಪತ್ರಿಕಾ ಕಚೇರಿಯಲ್ಲಿ ಈ ಮಾತಿಗೆ ಏನರ್ಥ ಎಂದು ಅವರಿಗೆ ಗೊತ್ತಿರಲಿಲ್ಲ. ಕೈಮುಗಿದು ಹೋದರು. ನಾನು ಸಂಪಾದಕರಿಗೆ ಹೇಳಲಿಲ್ಲ. ಅವರು ಬೇಡವೆಂದರು, ಜಾಹೀರಾತಿನವರು ತಡೆದರು ಎಂದೆಲ್ಲ ಬರೆದರೆ ನೀವು ನಂಬುತ್ತೀರಿ. ಹಾಗೇನೂ ಆಗಲಿಲ್ಲ. ಹೇಳಿದ್ದರೆ ಅವರ ಮೊದಲ ಪ್ರಶ್ನೆ, ಇದು ಮೇ ತಿಂಗಳಿಂದ ನಿನ್ನ ಹತ್ತಿರ ಇತ್ತೇ ಎಂಬುದು. ಆಗ ನಾಸಿಕ ಆವೃತ್ತಿಯ ಸುದ್ದಿ ವಿಭಾಗದ ಹೊಣೆಗೆ ನನ್ನ ಹೆಸರು ಓಡಾಡುತ್ತಿತ್ತು. ಡಿಸೆಂಬರ್‌ನಲ್ಲಿ ಅದು ನನಗೆ ಸಿಕ್ಕಿತು.

ಡಬ್ಬಿಯ ಶಬ್ದವನ್ನು ಹುಡುಗಿ ಓದಿದ ಮರುದಿನ ಹಳೆಯ ನೋಟ್‌ಬುಕ್ ಹುಡುಕಿದೆ. ಅದರ ಹಿಂದಿನ ಹಾಳೆಯಲ್ಲಿ ಈರಣ್ಣನ ನಂಬರ್ ಇತ್ತು. ಹಚ್ಚಿದರೆ ಅವರೇ ಎತ್ತಿದರು. ಈಗ ದಿಂಡೋರಿಯಲ್ಲಿ ಮಗನ ಮನೆಯಲ್ಲಿದ್ದಾರೆ, ಮಗ ದ್ರಾಕ್ಷಾರಸದ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಯಂತ್ರ ನೋಡಿಕೊಳ್ಳುತ್ತಾನೆ. "ಹೇಳ್ರಿ ತಂಗಿ" ಎಂದರು, ನಿನ್ನೆ ಮಾತಾಡಿದವರ ಹಾಗೆ. ನಾನು ಆ ವರ್ಷ ಮಾಡಿದ್ದನ್ನೂ ಮಾಡದೆ ಬಿಟ್ಟಿದ್ದನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು. ಕೊನೆಗೆ, "ನನಗ ಹೇಳಿ ಏನ್ ಮಾಡ್ತೀರಿ? ಸಾಬಂದು ನಂಬರ ಬರ್ಕೋರಿ" ಎಂದರು.

ಸಾಬಣ್ಣ ವೇರೂಳ್‌ನಲ್ಲಿ, ದೇವಸ್ಥಾನದ ಹೊರಗೆ, ಭಕ್ತರ ಚಪ್ಪಲಿ ಕಾಯುವ ಕೆಲಸದಲ್ಲಿದ್ದಾನೆ. ನಾನು ಹೋದ ದಿನ ಸಂದಣಿ ಇರಲಿಲ್ಲ. ಗುರುತು ಹಿಡಿದ. ಎಡಗೈಯಿಂದ ನನ್ನ ಚಪ್ಪಲಿಯನ್ನು ಎತ್ತಿಕೊಂಡು, "ಹಿಮ್ಮಡ ಕಡಿಮಿ ಆಗ್ಯಾವಲ್ರಿ ಅಕ್ಕಾರ, ವಯಸ್ಸಾತೇನ?" ಎಂದ. ಪಕ್ಕದಲ್ಲಿ ಅವನ ಮಗಳು ಅಂಬಿಕಾ ಕೂತಿದ್ದಳು. ಊರಿನ ಕಾಲೇಜಿನಲ್ಲಿ ಓದುತ್ತಾಳೆ, ರಜೆಯ ದಿನ ಅಪ್ಪನಿಗೆ ಜೊತೆಯಾಗುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಮರಾಠಿ.

ನಾನು ಬಂದ ಕಾರಣ ಹೇಳಿದೆ. ಸಾಬಣ್ಣ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದ. ಆಸ್ಪತ್ರೆಯ ಕಾಗದಗಳ ನಡುವೆ ನನ್ನ ನಾಲ್ಕು ಸಾಲು, ಲ್ಯಾಮಿನೇಶನ್ ಮಾಡಿಸಿ ಕಾಪಾಡಿದ್ದು. ಅವನಿಗೆ ಮರಾಠಿ ಓದಲು ಬರುವುದಿಲ್ಲ. ತನ್ನ ಹೆಸರು ಪೇಪರಿನಲ್ಲಿ ಬಂದಿದೆ ಎಂದು ಇಟ್ಟುಕೊಂಡಿದ್ದ.

"ಇಕಿ ಸಾಲ್ಯಾಗ ನಾಕನೇತ್ತೆ ಇದ್ದಾಗ ಇದನ್ನ ಓದಿದ್ಳ್ರಿ" ಎಂದ. "ಒಂದ ಶಬ್ದಕ್ಕ ಬಂದು ನಿಂತ್ಳು. ಉದ್ದ ಇತ್ತು. ನಿಷ್, ಕಾಳಜೀ, ಪಣಾ ಅಂತ ಮುರದು ಮುರದು ಓದಿದ್ಳು. ಹಂಗಂದ್ರ ಏನು ಬಾಬಾ ಅಂದ್ಳು. ನನಗ ಗೊತ್ತಿಲ್ಲವ್ವ, ಸಾಲ್ಯಾಗ ಕೇಳು ಅಂದೆ. ಕೇಳಿ ಬಂದ್ಳು."

ನಿಷ್ಕಾಳಜೀಪಣಾ ಎಂದರೆ ಮರಾಠಿಯಲ್ಲಿ ಅಜಾಗರೂಕತೆ.

"ಆಮ್ಯಾಲ ನಾ ಗಾಡಿ ಮ್ಯಾಲ ಕೂಡಸ್ಕೊಂಡ್ರ ಹೆದರ್ತಿದ್ಳು. ಬಾಬಾ ನೀಟ ನೋಡ್ಕೊಂಡ ನಡಸಂಗಿಲ್ಲ ಅಂತ." ಸಾಬಣ್ಣ ನಗಲು ನೋಡಿದ. "ನಾ ಎಷ್ಟ ಹೇಳಿದ್ರೂ ಪೇಪರಿನ್ಯಾಗ ಬಂದದಲ್ರಿ."

ನೋಟ್‌ಬುಕ್ಕಿನ ಪುಟವನ್ನು ಹುಡುಗಿಯ ಮುಂದಿಟ್ಟು, ಅದರಲ್ಲಿದ್ದುದನ್ನು ಮರಾಠಿಯಲ್ಲಿ ಹೇಳಿದೆ. ಜಾಳಿ, ಗುಂಡಿ, ಕೂಗು, ಕಾಣದ ಹಿಂಬದಿ. ನನ್ನ ಲೇಖನ, ನಾನು ತೆಗೆದುಹಾಕಿದ ಪ್ಯಾರಾ, ಐದನೆಯ ಸಾಲು. ಅವಳು ತಲೆಯೆತ್ತದೆ ಕೇಳಿದಳು.

"ಮಗ ತೇವ್ಹಾ ಕಾ ನಾಹೀ ಲಿಹಿಲಂ ತುಮ್ಹೀ?" ಎಂದಳು. ಹಾಗಾದರೆ ಆಗಲೇ ಏಕೆ ಬರೆಯಲಿಲ್ಲ?

"ಬರೆದಿದ್ದರೆ ನನ್ನ ತಪ್ಪು ಹೊರಗೆ ಬರುತ್ತಿತ್ತು. ಅದಕ್ಕೆ" ಎಂದೆ.

"ಇರ್ಲಿ ಬಿಡವ್ವಾ, ಅಕ್ಕಾರು ಇಷ್ಟ ದೂರ ಬಂದಾರ" ಎಂದ ಸಾಬಣ್ಣ. ಹುಡುಗಿ ಮೊಬೈಲ್ ತೆಗೆದಳು. ಆ ಪುಟದ ಫೋಟೋ ತೆಗೆದುಕೊಂಡಳು. ಕೂಗಿನಲ್ಲಿ ಅಪ್ಪನ ಪಾಲಿಗೆ ಬಂದಿದ್ದ ತುಂಡು ಯಾವುದು ಎಂದು ಕೇಳಿದಳು. ನಾನು ತೋರಿಸಿದೆ. ಅವಳು ಅದನ್ನು ಓದಿದ್ದು ಡೇನಿಶರಂತೆಯೋ ಈರಣ್ಣನಂತೆಯೋ ನಾನು ಗಮನಿಸಲಿಲ್ಲ.

ವೇರೂಳ್‌ನಿಂದ ಬಂದ ರಾತ್ರಿಯೇ ಕೂರಲಿಲ್ಲ, ಮರುದಿನ ಬೆಳಿಗ್ಗೆ ಕೂತು ತಿದ್ದುಪಡಿ ಬರೆದೆ. ಅದರಲ್ಲಿದ್ದದ್ದು ಇಷ್ಟು: ಆ ಸುದ್ದಿಯಲ್ಲಿ ಅಜಾಗರೂಕತೆ ಎಂಬುದು ಕಂಪನಿಯ ಹೇಳಿಕೆ ಮಾತ್ರವಾಗಿತ್ತು. ಯಂತ್ರದ ರಕ್ಷಣಾ ಜಾಲರಿಯನ್ನು ಅಪಘಾತಕ್ಕೆ ಮೊದಲೇ ತೆಗೆಯಲಾಗಿತ್ತು ಎಂದು ಅಲ್ಲಿನ ಕೆಲಸಗಾರರು ವರದಿಗಾರ್ತಿಗೆ ಹೇಳಿದ್ದರು. ಆಕೆ ಅದನ್ನು ಬರೆಯಲಿಲ್ಲ. ಕೆಳಗೆ ನನ್ನ ಹೆಸರು ಹಾಕಿ ಪತ್ರಿಕೆಯ ಈಗಿನ ಸಂಪಾದಕರಿಗೆ ಕಳಿಸಿದೆ. ಆ ಕಾರ್ಖಾನೆ ಮುಚ್ಚಿ ಕೆಲವು ವರ್ಷಗಳಾಗಿವೆ, ಇಷ್ಟು ಹಳೆಯ ಸುದ್ದಿಗೆ ತಿದ್ದುಪಡಿ ಹಾಕುವ ಪದ್ಧತಿ ಇದೆಯೇ ಎಂದು ವಿಚಾರಿಸಿ ತಿಳಿಸುತ್ತೇವೆ ಎಂದು ಅವರ ಸಹಾಯಕರು ಹೇಳಿದರು. ಅಂಬಿಕಾ ಎರಡು ಸಲ ಫೋನ್ ಮಾಡಿ, ಯಾವ ಪುಟದಲ್ಲಿ ಬರುತ್ತದೆ ಎಂದು ಕೇಳಿದ್ದಾಳೆ. ಈ ಶುಕ್ರವಾರದ ಸಂಚಿಕೆಯವರೆಗೆ ಅದು ಅಚ್ಚಾಗಿಲ್ಲ.